ಪಾದ್ರಿ ಕಿಟ್ಟೆಲ್ ಅವರ ಸೇವಾವರ್ಷಗಳು

ವಾಲ್ ನದಿಯ ದಡದಲ್ಲಿರುವ ನೈಮೆಗನ್ ನಗರದಿಂದ ಪೂರ್ವಕ್ಕೆ ಕೆಲವೇ ಮೈಲಿ ಸಾಗಿದರೆ ಜರ್ಮನಿಯ ಗಡಿ. ಆ ಗಡಿಯಗುಂಟ ಉತ್ತರಕ್ಕೆ ಪಯಣಿಸಿದರೆ, ಗ್ರೋನಿಂಗನ್ ಪ್ರಾಂತಕ್ಕೆ ಹೊಂದಿಕೊಂಡಂತೆ, ಕಡಲಂಚಿನಲ್ಲಿ ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ತಗ್ಗುನಾಡು ಸಿಗುತ್ತದೆ. ಅಲ್ಲಿನ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಲ್ಲಿ 1832ರ ಏಪ್ರಿಲ್ 7ರಂದು ಲೂಥರನ್ ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿದ ಮಗುವೇ ಫರ್ಡಿನೆಂಡ್ ಕಿಟ್ಟೆಲ್. ಕನ್ನಡಿಗರಾದ ನಾವು ಹೊಟ್ಟೆಪಾಡಿಗಾಗಿ ಬಂದು ನೆಲೆಸಿರುವ ಈ ನಾಡಿನ ನೆರೆಯಿಂದಲೇ ಕನ್ನಡದ ಮಹಾನಿಘಂಟುಕಾರರು ಹೊರಟರೆಂಬ ಸಂಗತಿ ನನಗೆ ತಿಳಿದದ್ದು ಇಲ್ಲಿಗೆ ಬಂದು ಬಹುಕಾಲದ ನಂತರ. ಸಮ್ಮೇಳನಕ್ಕೆ ದೂರದೂರದಿಂದ ಬಂದಿರುವ ಬಂಧುಗಳೊಡನೆ ಅದನ್ನು ಹಂಚಿಕೊಳ್ಳುವ ಆಸೆಯಿಂದ ಈ ಲೇಖನ.

ಪಾದ್ರಿಯ ಮಗ ಪಾದ್ರಿಯಾಗುವುದು ಆ ಕಾಲದ ವಾಡಿಕೆ. ಔರಿಖ್ ಪಟ್ಟಣದ ಶಾಲೆಯಲ್ಲಿ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಕಲಿತ ತರುಣ ಕಿಟ್ಟೆಲ್ 1850ರಲ್ಲಿ ಬಾಸೆಲ್ ಮಿಷನ್ ಸೇರಿದರು. ಸ್ವಿಟ್ಸರ್‌ಲ್ಯಾಂಡಿನ ಈ ಸಂಸ್ಥೆ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡು ಪಂಥಗಳವರನ್ನೂ ಒಂದೇ ಸೂರಿನಡಿ ದುಡಿಸಿಕೊಳ್ಳುತ್ತಿತ್ತು. (ನೆದರ್‌ಲ್ಯಾಂಡಿನಲ್ಲಿ ಈ ಎರಡು ಪಂಥಗಳ ಸಭೆಗಳು ಒಂದಾಗಲು 2004ರವರೆಗೆ ಕಾಯಬೇಕಾಯಿತು!) 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಮಿಷನ್, ಕಿಟ್ಟೆಲ್ ಬರುವ ವೇಳೆಗೆ ಅಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿತ್ತು, ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ್ದರು.

1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕಿಟ್ಟೆಲ್ ಭಾರತಕ್ಕೆ ಬಂದು ಧಾರವಾಡದಲ್ಲಿ ಕೆಲಸಕ್ಕೆ ತೊಡಗಿದರು. ಹಳ್ಳಿಹಳ್ಳಿ ತಿರುಗಿ ಜನರ ಮಾತನ್ನು ಆಲಿಸಿದರು. ಭಾರತೀಯರಿಗೆ ಧರ್ಮವನ್ನು ಹೇಳಬೇಕಾದರೆ ತಾನೂ ಭಾರತೀಯನಂತಾಗಬೇಕು ಎಂಬುದು ಅವರ ನಿಲುವು. ಮಿಷನ್ನಿನ ಹಿರಿಯರಿಗೆ ಈ ತರುಣನ ರೀತಿ ಹಿಡಿಸಲಿಲ್ಲ. ಪಾದ್ರಿಯ ವರ್ಷಗಳನ್ನು ಅವರು ಅಳೆಯುತ್ತಿದ್ದದ್ದು ಮತಾಂತರಗೊಂಡವರ ಸಂಖ್ಯೆಯಿಂದ. ಆ ಲೆಕ್ಕದಲ್ಲಿ ಕಿಟ್ಟೆಲ್ ಸೋತ ಪಾದ್ರಿಯೇ. ಅವರನ್ನು ಕುರಿತು ಜರ್ಮನಿಯಲ್ಲಿ 2006ರಲ್ಲಿ ಹೊರಬಂದ ಪ್ರಬಂಧಸಂಕಲನದ ಶೀರ್ಷಿಕೆಯಲ್ಲೇ ಆರಂಭದ ವೈಫಲ್ಯ, ಮರಣಾನಂತರದ ಯಶಸ್ಸು ಎಂಬ ಮಾತುಗಳಿವೆ.

ಒಂದು ವಿಷಯವನ್ನು ಮರೆಮಾಚಬಾರದು. ಕಿಟ್ಟೆಲ್ ಬಂದದ್ದು ಕನ್ನಡದ ಸೇವೆಗೆಂದಲ್ಲ, ಕ್ರೈಸ್ತಧರ್ಮದ ಪ್ರಚಾರಕ್ಕೆಂದು. 1862ರ ‘ಕಥಾಮಾಲೆ’ಯಲ್ಲಿ ಅವರು ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿಗೆ ಇಳಿಸಿದ್ದು ಈ ಉದ್ದೇಶದಿಂದಲೇ. ನಮ್ಮ ಸಭೆಗಳಲ್ಲಿ ಅವರನ್ನು ಹೊಗಳುವಾಗ ಇದನ್ನು ನಯವಾಗಿ ಬಿಟ್ಟುಬಿಡುತ್ತೇವೆ. ಅದು ಅವರಿಗೂ ಇತಿಹಾಸಕ್ಕೂ ಮಾಡುವ ಅನ್ಯಾಯವೆಂದು ನನ್ನ ಅಭಿಪ್ರಾಯ. ಆದರೆ ಛಂದಸ್ಸಿನಲ್ಲಿ ಬರೆಯಹೊರಟವರು ಛಂದಸ್ಸನ್ನು ಕಲಿಯಲೇಬೇಕು; ಕಲಿಯಹೊರಟರೆ ಹಳೆಯ ಓಲೆಗರಿಗಳನ್ನು ಬಿಚ್ಚಲೇಬೇಕು. ಹೀಗೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಪಾದ್ರಿಗಳು ಸಂಪಾದಿಸಿ ಅಚ್ಚು ಹಾಕಿಸಿದರು. ಸಾಧನವೆಂದು ಕೈಗೆತ್ತಿಕೊಂಡ ಭಾಷೆ ಅವರನ್ನೇ ಹಿಡಿದುಕೊಂಡಿತು.

ಈ ನಡುವೆ ಮನೆಯಲ್ಲಿ ದುಃಖವೂ ಬಂತು. ಪತ್ನಿ ಪೌಲೀನ್ 1864ರಲ್ಲಿ ತೀರಿಕೊಂಡರು. ಮೂರು ವರ್ಷಗಳ ಬಳಿಕ ಅವರು ಆಕೆಯ ತಂಗಿ ಜೂಲಿಯನ್ನು ವರಿಸಿದರು. ಕಿಟ್ಟೆಲ್ ಚರಿತ್ರೆಗಳಲ್ಲಿ ಈ ಅಕ್ಕತಂಗಿಯರಿಗೆ ದೊರೆಯುವುದು ಒಂದೆರಡು ಸಾಲು ಮಾತ್ರ. ಪದಗಳ ಚೀಟಿಗಳ ನಡುವೆ ಮುಳುಗಿದ್ದವರ ಮನೆಯನ್ನು ಯಾರು ತೂಗಿಸಿದರು ಎಂದು ಕೇಳುವವರು ಕಡಿಮೆ.

1877ರಲ್ಲಿ ಜರ್ಮನಿಗೆ ಮರಳಿದ ಅವರು ನಿಘಂಟಿನ ಕೆಲಸಕ್ಕಾಗಿಯೇ ಮತ್ತೆ ಕನ್ನಡನಾಡಿಗೆ ಬಂದರು. ಆಗ ಐವತ್ತು ದಾಟಿದ ವಯಸ್ಸು. ಕಾವ್ಯಗಳ ಶಬ್ದಗಳು ಓಲೆಗರಿಗಳಲ್ಲಿ ಸಿಕ್ಕಬಹುದು. ಒಕ್ಕಲಿಗನ, ಕಮ್ಮಾರನ, ಅಡುಗೆಮನೆಯ ಶಬ್ದಗಳನ್ನು ಆಡುವ ಬಾಯಿಂದಲೇ ಪಡೆಯಬೇಕು. ನಾಡಿನ ಪಂಡಿತರ ನೆರವಿನಿಂದ ಸಿದ್ಧವಾದ ‘ಕನ್ನಡ–ಇಂಗ್ಲಿಷ್ ನಿಘಂಟು’ 1894ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡಿತು: ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕ ಪುಟಗಳು. ಕಾವ್ಯಪ್ರಯೋಗದ ಪಕ್ಕದಲ್ಲೇ ಗಾದೆಮಾತು. ತಮಿಳು, ತೆಲುಗು, ಮಲಯಾಳಂ, ತುಳು ನುಡಿಗಳ ಜ್ಞಾತಿಪದಗಳು. ಸಂಸ್ಕೃತವೇ ದ್ರಾವಿಡ ನುಡಿಗಳಿಂದ ಪಡೆದುಕೊಂಡ ಪದಗಳಿವೆಯೆಂದು ಆ ಕಾಲದಲ್ಲಿ ಪಟ್ಟಿಮಾಡಿ ತೋರಿಸಿದ್ದು ಸಣ್ಣ ಸಾಹಸವಲ್ಲ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಮುಂದೆ ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದ್ರಾಸು ವಿಶ್ವವಿದ್ಯಾಲಯ ಪ್ರಕಟಿಸಿತು.

ಕಿಟ್ಟೆಲ್ ಕನ್ನಡನಾಡನ್ನು ಕೊನೆಯ ಬಾರಿಗೆ ಬಿಟ್ಟದ್ದು 1892ರಲ್ಲಿ. ಹಡಗಿನ ಅಟ್ಟದ ಮೇಲೆ ನಿಂತು ಆ ಅರವತ್ತರ ಪಾದ್ರಿ ತಮ್ಮ ಸೇವಾವರ್ಷಗಳನ್ನು ಹಿಂದಿರುಗಿ ನೋಡಿದಾಗ ಏನನ್ನು ಎಣಿಸಿರಬಹುದು? ದೀಕ್ಷೆ ಪಡೆದವರನ್ನೋ, ಪದಗಳನ್ನೋ? ಈ ಪ್ರಶ್ನೆ ನನ್ನನ್ನು ಬಹಳ ಸಲ ಕಾಡಿದೆ. ನಾವೂ ಪರದೇಶದಲ್ಲಿ ಕಳೆದ ವರ್ಷಗಳನ್ನು ಎಣಿಸುವವರೇ. ಮನೆ, ಉದ್ಯೋಗ, ಮಕ್ಕಳ ಪದವಿಗಳ ಲೆಕ್ಕ ಚೆನ್ನಾಗಿಯೇ ಕೂಡಿಬರುತ್ತದೆ. ಮಕ್ಕಳ ಬಾಯಲ್ಲಿ ಉಳಿದ ಕನ್ನಡ ಪದಗಳ ಲೆಕ್ಕಕ್ಕೆ ಕುಳಿತಾಗ ಕೈ ತಡೆಯುತ್ತದೆ. ಕಿಟ್ಟೆಲ್ ಅವರಿಗೆ ಕನ್ನಡವನ್ನು ಮನೆಯಲ್ಲಿ ಕಲಿಸಿದವರು ಯಾರೂ ಇರಲಿಲ್ಲ.

ಊರಿಗೆ ಮರಳಿದ ಮೇಲೂ ಅವರ ಕೈ ನಿಲ್ಲಲಿಲ್ಲ. ಟ್ಯೂಬಿಂಗನ್ನಿನ ಮನೆಯಲ್ಲಿ ಕುಳಿತು ಕನ್ನಡ ವ್ಯಾಕರಣವನ್ನು ಬರೆದರು. ಅದು ಅಚ್ಚಾಗಿ ಹೊರಬಂದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದರು.