ಗತಿ ಬೇರೆ, ಗುರಿ ಒಂದೇ: ನಲಿ-ಕಲಿಯ ಹಿನ್ನೆಲೆಯಲ್ಲಿ ವಿಭೇದಿತ ಬೋಧನೆಯ ಮರುಚಿಂತನೆ

ಸಾರಾಂಶ: ಒಂದೇ ತರಗತಿಯ ಮಕ್ಕಳಿಗೆ ಅವರವರ ಅಗತ್ಯಕ್ಕೆ ತಕ್ಕಂತೆ ಕಲಿಸುವ ವಿಭೇದಿತ ಬೋಧನೆಯನ್ನು ಈ ಲೇಖನವು ಕರ್ನಾಟಕದ ನಲಿ-ಕಲಿ ಪದ್ಧತಿಯ ಮೂಲಕ ಪರಿಶೀಲಿಸುತ್ತದೆ. ನಲಿ-ಕಲಿಯು ಕಲಿಕೆಯ ವೇಗವನ್ನು ಮಗುವಿಗೆ ಬಿಟ್ಟಿತು, ದಾರಿಯನ್ನು ಬಿಡಲಿಲ್ಲ. ಇನ್ನು ನಡೆಯಬೇಕಾದ ಕೆಲಸ ಅಲ್ಲಿದೆ ಎಂಬುದು ಇಲ್ಲಿನ ವಾದ.

ಮುಖ್ಯ ಪದಗಳು: ವಿಭೇದಿತ ಬೋಧನೆ, ನಲಿ-ಕಲಿ, ಬಹುವರ್ಗ ಬೋಧನೆ, ಕಲಿಕಾ ಏಣಿ

1. ಪರಿಕಲ್ಪನೆ

ಅಮೆರಿಕದ ಶಿಕ್ಷಣತಜ್ಞೆ ಕ್ಯಾರೊಲ್ ಆನ್ ಟಾಮ್ಲಿನ್‌ಸನ್ 1990ರ ದಶಕದಲ್ಲಿ ರೂಪಿಸಿದ ವಿಭೇದಿತ ಬೋಧನೆಯ ಚೌಕಟ್ಟಿನ ಪ್ರಕಾರ ಶಿಕ್ಷಕರು ಪಾಠದ ವಸ್ತು, ಕಲಿಯುವ ಪ್ರಕ್ರಿಯೆ, ಕಲಿತದ್ದನ್ನು ತೋರಿಸುವ ಬಗೆ ಮತ್ತು ತರಗತಿಯ ಪರಿಸರ ಈ ನಾಲ್ಕನ್ನೂ ಮಗುವಿಗೆ ಹೊಂದಿಸಬಹುದು. ಇದನ್ನು ‘ನೋಡಿ ಕಲಿಯುವವರು’, ‘ಕೇಳಿ ಕಲಿಯುವವರು’ ಎಂದು ಮಕ್ಕಳನ್ನು ವಿಂಗಡಿಸುವುದಕ್ಕೆ ಇಳಿಸುವ ರೂಢಿಯೂ ಇದೆ. ಅಂಥ ವಿಂಗಡಣೆಯಿಂದ ಕಲಿಕೆ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ತೋರಿಸಿದ್ದಾರೆ. ಮಗುವಿಗೆ ಈಗಾಗಲೇ ಏನು ಗೊತ್ತು ಎಂಬುದು ಅದಕ್ಕಿಂತ ಗಟ್ಟಿಯಾದ ಆಧಾರ.

2. ನಲಿ-ಕಲಿಯ ಸಾಧನೆ

ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಆರಂಭವಾಯಿತು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ಕಲಿಕೆಯ ಮೆಟ್ಟಿಲುಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿ, ಅದರ ಹಂತಗಳಾದ ಮೈಲಿಗಲ್ಲುಗಳು, ಮೆಟ್ಟಿಲುಗಳ ಚಟುವಟಿಕೆಯ ಕಾರ್ಡುಗಳು ಇದರ ಸಾಧನಗಳು. ಶಿಕ್ಷಕರ ಪೂರ್ಣ ಬೆಂಬಲದ ‘ತಟ್ಟೆ’ಯಿಂದ (ಗುಂಪಿನಿಂದ) ಸ್ವಕಲಿಕೆಯ ತಟ್ಟೆಯವರೆಗೆ ಮಕ್ಕಳು ಚಟುವಟಿಕೆಗೆ ತಕ್ಕಂತೆ ಗುಂಪು ಬದಲಿಸುತ್ತಾರೆ. ಹೀಗಾಗಿ ಯಾರಿಗೂ ‘ದಡ್ಡರ ಸಾಲು’ ಎಂಬ ಹಣೆಪಟ್ಟಿ ಕಾಯಂ ಆಗುವುದಿಲ್ಲ. ಸುಗ್ಗಿಗೋ ಗುಳೆಗೋ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಒಬ್ಬರೇ ಶಿಕ್ಷಕರು ಹಲವು ತರಗತಿ ನಿಭಾಯಿಸುವ ಶಾಲೆಯಲ್ಲಿ ಇದು ಸಣ್ಣ ಸಾಧನೆಯಲ್ಲ.

3. ಮಿತಿ

ಏಣಿಯ ಮೆಟ್ಟಿಲುಗಳ ಕ್ರಮ ಮಾತ್ರ ಎಲ್ಲರಿಗೂ ಒಂದೇ. ಕಲಿತದ್ದನ್ನು ತನ್ನದೇ ಬಗೆಯಲ್ಲಿ ತೋರಿಸಲು ಮಗುವಿಗೆ ಅವಕಾಶ ಕಡಿಮೆ. ನಿಧಾನವಾಗಿ ಏರುವ ಮಗುವಿನ ಸಮಯವೆಲ್ಲ ಅಭ್ಯಾಸದ ಕಾರ್ಡುಗಳಲ್ಲೇ ಕಳೆದರೆ ಯೋಚಿಸಿ ಬಿಡಿಸುವ ಸಮಸ್ಯೆಗಳು ಚುರುಕಿನ ಮಕ್ಕಳ ಪಾಲಾಗುತ್ತವೆ. ನಲಿ-ಕಲಿ ಮೂರನೇ ತರಗತಿಗೇ ನಿಲ್ಲುವುದರಿಂದ ನಾಲ್ಕನೇ ತರಗತಿಗೆ ಬಂದೊಡನೆ ಏಣಿಯೂ ಇಲ್ಲ. ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ದಿನ ಒಂದೇ ಪಾಠ.

4. ಮರುಚಿಂತನೆ

ನಾಳೆಯ ಬದುಕು ಕೇಳುವ ತರ್ಕ, ವಿವರಣೆ, ಸಹಕಾರ ಇವು ಅಕ್ಷರ-ಅಂಕಿ ಪೂರ್ತಿ ಕರಗತವಾದ ಮೇಲೆ ಸಿಗುವ ಬಹುಮಾನಗಳಾಗಬಾರದು. ಬೇರೆಯಾಗಬೇಕಾದದ್ದು ಬೆಂಬಲ, ಪ್ರಶ್ನೆಯ ತೂಕವಲ್ಲ. ‘ಮುಕ್ಕಾಲು ದೊಡ್ಡದೋ, ಮೂರನೇ ಎರಡು ಭಾಗ ದೊಡ್ಡದೋ?’ ಎಂಬುದನ್ನು ಐದನೇ ತರಗತಿಯ ಎಲ್ಲರಿಗೂ ಕೇಳಬಹುದು. ಒಬ್ಬರು ಕಾಗದದ ಪಟ್ಟಿ ಮಡಚಿ, ಇನ್ನೊಬ್ಬರು ಸಂಖ್ಯಾರೇಖೆ ಎಳೆದು, ಮತ್ತೊಬ್ಬರು ಸಮಾನ ಭಿನ್ನರಾಶಿ ಬರೆದು ಉತ್ತರಿಸಲಿ. ಕಾರಣ ಹೇಳುವ ಹೊಣೆ ಮಾತ್ರ ಎಲ್ಲರದೂ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಐದನೇ ತರಗತಿಯನ್ನು ಒಂದೇ ಹಂತವೆಂದು ಪರಿಗಣಿಸುತ್ತದೆ. ಮೂರಕ್ಕೆ ನಿಲ್ಲುವ ನಲಿ-ಕಲಿ ಆ ಹಂತವನ್ನು ನಡುವೆಯೇ ತುಂಡರಿಸುತ್ತದೆ. ಕನಿಷ್ಠ ಭಾಷೆ ಮತ್ತು ಗಣಿತದಲ್ಲಾದರೂ ಅದನ್ನು ಐದರವರೆಗೆ ಒಯ್ಯಬೇಕು. ಕಾರ್ಡುಗಳ ಕ್ರಮವನ್ನು ತನ್ನ ಮಕ್ಕಳಿಗೆ ತಕ್ಕಂತೆ ಬದಲಿಸುವ ಅಧಿಕಾರವೂ, ಅದಕ್ಕೆ ಬೇಕಾದ ಸಮಯವೂ ಶಿಕ್ಷಕರಿಗೆ ಸಿಗಬೇಕು.