ಆಯಿ ಕೌದಿ

ಚಾದರ ನನ್ನದು, ರಗ್ಗು ನನ್ನದು, ಕಳೆದ ಚಳಿಗಾಲದಲ್ಲಿ ಕೊಂಡ ರಜಾಯಿಯೂ ನನ್ನದೇ. ಕೌದಿ ಮಾತ್ರ ಆಯಿಯದು, ಅಂದರೆ ನಮ್ಮ ಅಜ್ಜಿಯದು. ಹೊಚ್ಚಿಕೊಳ್ಳುವವನು ನಾನು, ಬಿಸಿಲಿಗೆ ಹಾಕುವವನು ನಾನು, ಆಯಿ ತೀರಿಕೊಂಡು ವರ್ಷಗಳೇ ಆದವು. ಆದರೂ ನಮ್ಮ ಮನೆಯಲ್ಲಿ 'ನಿನ್ನ ಕೌದಿ ಎಲ್ಲೈತಿ' ಎಂದು ಯಾರೂ ಕೇಳುವುದಿಲ್ಲ. 'ಆಯಿ ಕೌದಿ ಎಲ್ಲೈತಿ' ಎಂದೇ ಕೇಳುತ್ತಾರೆ. ಧಾರವಾಡ ಸೀಮೆಯಲ್ಲಿ ಕೌದಿ ಎಂಬ ಪದ ಒಂಟಿಯಾಗಿ ಓಡಾಡುವುದು ಕಡಿಮೆ. ಅತ್ತಿ ಕೌದಿ, ದೊಡ್ಡವ್ವನ ಕೌದಿ ಎಂದು ಹೊಲಿದವಳನ್ನು ಮುಂದಿಟ್ಟುಕೊಂಡೇ ಬರುತ್ತದೆ.

ಹಳೆ ಮೈಸೂರಿನ ಕಡೆ ಇದಕ್ಕೆ ಹತ್ತಿರದ ಮಾತು ಬೊಂತೆ. ಅದರಲ್ಲಿ ಬಡತನದ ವಾಸನೆ ತುಸು ಹೆಚ್ಚು, ವೈರಾಗ್ಯದ್ದೂ ಇದೆ. ವಚನಕಾರ್ತಿ ಬೊಂತಾದೇವಿಯ ಹೆಸರಿಗೊಂದು ಕತೆಯಿದೆ: ಕಾಶ್ಮೀರದ ಅರಸುಮನೆ ತೊರೆದು ದಿಗಂಬರೆಯಾಗಿ ಹೊರಟವಳಿಗೆ ಶಿವನೇ ಬೊಂತೆ ಕೊಟ್ಟನಂತೆ. ಸಂಸ್ಕೃತದ ಕಂಥೆಯೂ ಸನ್ಯಾಸಿಯ ಹೆಗಲಿನದೇ. ಕೌದಿಗೆ ಈ ವೈರಾಗ್ಯ ಹತ್ತಲಿಲ್ಲ. ಅದು ಪಕ್ಕಾ ಸಂಸಾರಸ್ಥ ಪದ. ತೊಟ್ಟಿಲಿಗೊಂದು, ಬಾಣಂತಿಗೊಂದು, ಬಂದ ಬೀಗರಿಗೊಂದು.

ಆಯಿ ಹೊಲಿಯಲು ಕೂಡುತ್ತಿದ್ದುದು ಮಧ್ಯಾಹ್ನ, ಊಟದ ಮುಸುರೆ ತಿಕ್ಕಿಯಾದ ಮೇಲೆ. ಪಡಸಾಲೆಯಲ್ಲಿ ಹಳೆಯ ಇಳಕಲ್ ಸೀರೆ ಹಾಸಿ, ಮೂಲೆಗೊಂದು ತಂಬಿಗಿ ಇಟ್ಟು ಬಿಗಿ ಮಾಡುವಳು. ನಡುವೆ ಅಜ್ಜನ ಸವೆದ ಧೋತರ, ಮೇಲೆ ಖಣದ ತುಂಡು, ನಮ್ಮ ಹರಿದ ಅಂಗಿ. ರೇಷ್ಮೆ ಸೆರಗು ಜಾರುತ್ತದೆಂದು ಬದಿಗೆ ಸರಿಸುವಳು. ಆಮೇಲೆ ಜೋಳದ ಕಾಳಿನಷ್ಟು ಗಿಡ್ಡ ಹೊಲಿಗೆ, ಸಾಲಿಗೆ ಸಾಲು. ಕಡೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ಹೋಳಿಗೆಯ ಚೂರು. ಕೌದಿ ಹಸಕೊಂಡು ಇರಬಾರದು ಎಂಬುದು ಅವಳ ಲೆಕ್ಕ, ಇರುವೆ ಬರುತ್ತವೆ ಎಂಬುದು ಅವ್ವನ ತಕರಾರು. ಇಬ್ಬರೂ ಹೇಳಿದ್ದು ಖರೆ.

ಆಯಿ ಕೌದಿಗಳ ಮೇಲೆ ತಾರೀಖು ಇಲ್ಲ. ಆದರೂ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಗೊತ್ತಾಗುತ್ತದೆ. ಕಣ್ಣು ಮಂಜಾಗುತ್ತ ಬಂದಂತೆ ಹೊಲಿಗೆ ಉದ್ದವಾಗಿವೆ. ಕೊನೆಯದರಲ್ಲಿ ಕೆಂಪು ದಾರದ ಸಾಲು ನಡುವೆಯೇ ಹಸಿರಾಗಿ, ಎರಡು ಗೇಣು ಹೋಗಿ ಮತ್ತೆ ಕೆಂಪಾಗುತ್ತದೆ. ಸೂಜಿಗೆ ದಾರ ಪೋಣಿಸಿಕೊಟ್ಟ ಮೊಮ್ಮಕ್ಕಳು ಬಣ್ಣ ನೋಡಿರಲಿಕ್ಕಿಲ್ಲ. ಆಯಿಗೆ ಅದು ಕಾಣಿಸಿರಲಿಕ್ಕಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಬಾಯಲ್ಲಿ ಕೌದಿ ಎಂದರೆ ಕವಂದಿ. ಆಫ್ರಿಕಾ ಮೂಲದ ಈ ಜನರ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ 'ಫೂಲ'. ಅದಿಲ್ಲದ ಕವಂದಿ ಬತ್ತಲೆ ಇದ್ದಂತೆ ಎನ್ನುತ್ತಾರೆ. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದ ಗೋಡೆ ಏರಿದವು. ಹಾಸಿ ಮಲಗುವ ವಸ್ತುವನ್ನು ನಿಂತು ನೋಡುವುದೆಂದರೆ ಆಯಿಗೆ ನಗು ಬರುತ್ತಿತ್ತು.

ಹೊಲಿದವಳದೇ ಕೌದಿ ಎಂದೆನಲ್ಲ, ಅದು ಪೂರ್ತಿ ನ್ಯಾಯದ ಮಾತೂ ಅಲ್ಲ. ಗೊಂದಲಿಗರ ಹೆಂಗಸರು ಊರೂರು ತಿರುಗಿ ಕೌದಿ ಹೊಲಿದು ಕೊಡುತ್ತಿದ್ದರು. ನಮ್ಮ ಓಣಿಯಲ್ಲಿ ಅವರಿಗೆ ಸಿಗುತ್ತಿದ್ದುದು ಕಾಳು, ಒಂದಿಷ್ಟು ರೊಕ್ಕ. ಹೆಸರು ಮಾತ್ರ ಹಳೇ ಅರಿವಿ ಕೊಟ್ಟ ಮನೆಯವಳಿಗೆ ಹೋಗುತ್ತಿತ್ತು. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಹೊಚ್ಚ ಹೊಸ ಬಟ್ಟೆಯ ಕೌದಿ ಸಿಗುತ್ತದೆ. ಕೊಂಡವರ ಬಾಯಲ್ಲಿ ಅಂಗಡಿಯ ಹೆಸರು. ಹೊಲಿದವಳಿಗೆ ತಕ್ಕ ಕೂಲಿ ಮುಟ್ಟುವುದಾದರೆ ನನ್ನದೇನೂ ತಕರಾರಿಲ್ಲ, ಆಯಿಗಂತೂ ಯಾರೂ ಬಿಡಿಗಾಸು ಕೊಟ್ಟವರಲ್ಲ. ಆದರೆ ಯಾರೂ ಉಡದ ಬಟ್ಟೆಯಲ್ಲಿ ಹೊಲಿದದ್ದನ್ನು ಕೌದಿ ಎನ್ನಲು ನಾಲಿಗೆ ತಡವರಿಸುತ್ತದೆ. 'ಇದು ಯಾರ ಸೀರಿ?' ಎಂದು ಬೆರಳಿಟ್ಟು ಕೇಳಲು ಅಲ್ಲಿ ಏನೂ ಇರುವುದಿಲ್ಲ.

ಆಯಿಯ ಒಂದು ಕೌದಿ ತಂಗಿಯ ಜೊತೆ ಪುಣೆಗೆ ಹೋಗಿದೆ. ಮಹಾನವಮಿಗೆ ಮುಂಚೆ ಹಾಸಿಗೆ-ಹೊದಿಕೆ ಒಗೆಯಲು ಅಲ್ಲಿ ಹಳ್ಳ ಎಲ್ಲಿಯದು? ಮೊನ್ನೆ ಫೋನು ಮಾಡಿ, "ಅವ್ವಾ, ಆಯಿ ಕೌದಿ ಮಷೀನಿನಾಗ ಹಾಕಬೌದೇನು?" ಎಂದಳು. ನೀರು ಕುಡಿದ ಕೌದಿಯನ್ನು ಇನ್ನೊಬ್ಬರ ಜೊತೆ ಹಿಡಿದು ಹಿಂಡಿದವಳು ಅವ್ವ. "ಹಾಕವಾ. ಮಷೀನು ಕೆಟ್ಟರ ಮಾತ್ರ ನಮ್ಮ ಅತ್ತಿ ಹೆಸರು ಹೇಳಬ್ಯಾಡ."