ಹಳೆಯ ಒಡಲು, ಹೊಸ ಎಂಜಿನ್

ವಿಜಯಪುರದಿಂದ ಅಥಣಿ ದಾರಿ ಹಿಡಿದರೆ ತಿಕೋಟಾ, ಜಮಖಂಡಿ ದಾರಿ ಹಿಡಿದರೆ ಬಬಲೇಶ್ವರ. ಬಸ್ಸು ತಪ್ಪಿದವರು, ಸಂತೆಗೆ ಹೊರಟವರು, ತೋಟದ ಕೂಲಿಯಾಳುಗಳು ಇಂಥ ದಾರಿಗಳಲ್ಲಿ ಬಹುಕಾಲ ನೆಚ್ಚಿಕೊಂಡಿದ್ದ ವಾಹನವೆಂದರೆ ಜೀಪು. ಮಳೆಗಾಲದ ಎರೆಮಣ್ಣಿನ ಕೆಸರಿಗೂ ಅದು ಅಂಜುವುದಿಲ್ಲ. ಆದರೆ ಹಳೆಯ ಜೀಪೊಂದರ ಬಾನೆಟ್ ಎತ್ತಿ ನೋಡಿದರೆ ಕೆಲವೊಮ್ಮೆ ಸೋಜಿಗ ಕಾದಿರುತ್ತದೆ. ಒಡಲು ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು!

ಇದನ್ನು ಹಳ್ಳಿ ಗ್ಯಾರೇಜಿನ ಕೈಚಳಕ ಎಂದಷ್ಟೇ ತಿಳಿಯಬೇಕಿಲ್ಲ. ನಮ್ಮ ನಾಡಿಗೆ ಪರಿಚಿತವಾದ ಜೀಪಿನ ರೂಪವೇ ಎಂಜಿನ್ ಬದಲಾವಣೆಯ ಫಲ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಇದ್ದುದು 2.2 ಲೀಟರಿನ, ಸುಮಾರು 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಅದರ ಕವಾಟಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿದ್ದವು. ಉಸಿರೆಳೆಯುವ ಕವಾಟವನ್ನು ಮೇಲಕ್ಕೆ ಸಾಗಿಸಿದ ಹೊಸ ಎಂಜಿನ್ 70ಕ್ಕೂ ಹೆಚ್ಚು ಅಶ್ವಶಕ್ತಿ ಕೊಟ್ಟಿತು. ಆದರೆ ಅದು ಎತ್ತರವಾಗಿತ್ತು, ಹಳೆಯ ಬಾನೆಟ್ ಅಡಿ ಹಿಡಿಯಲಿಲ್ಲ. 1953ರಲ್ಲಿ ಕಂಪನಿ ಬಾನೆಟ್ಟನ್ನೇ ಎತ್ತರಿಸಿ ಸಿಜೆ-3ಬಿ ಎಂಬ ಮಾದರಿಯನ್ನು ಹೊರತಂದಿತು. ಮಹೀಂದ್ರ ಕಂಪನಿ ಭಾರತದಲ್ಲಿ ದಶಕಗಳ ಕಾಲ ತಯಾರಿಸಿದ್ದು ಈ ಎತ್ತರ ಹಣೆಯ ಜೀಪನ್ನೇ.

ಮುಂದಿನ ಬದಲಾವಣೆಗೆ ಕಾರಣ ಶಕ್ತಿಯಲ್ಲ, ಖರ್ಚು. 1973ರ ತೈಲ ಬಿಕ್ಕಟ್ಟಿನಿಂದ ಪೆಟ್ರೋಲ್ ಕೈ ಸುಡತೊಡಗಿತು. ಡೀಸೆಲ್ ಬಹಳ ಅಗ್ಗವಾಗಿತ್ತು. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ ಡೀಸೆಲ್ ಎಂಜಿನ್ನನ್ನು ಮಹೀಂದ್ರ ಕಂಪನಿಯೇ ಜೀಪಿಗೆ ಕೂರಿಸಿತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ ಬಂತು. ಕಾರ್ಖಾನೆ ಮಾಡಿದ್ದನ್ನು ಊರೂರಿನ ಮೇಸ್ತ್ರಿಗಳೂ ಮಾಡಿದರು. ಪೆಟ್ರೋಲ್ ಜೀಪು ಮಾರಿದರೆ ಕೊಳ್ಳುವವರಿಲ್ಲ, ಡೀಸೆಲ್ ಹಾಕಿಸಿದರೆ ಅದೇ ಜೀಪು ಒಂದು ಮನೆತನದ ಅನ್ನಕ್ಕೆ ದಾರಿ.

ಆದರೆ ಎಂಜಿನ್ ಇಳಿಸಿ ಇನ್ನೊಂದನ್ನು ಏರಿಸಿದೊಡನೆ ಕೆಲಸ ಮುಗಿಯದು. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಭಾರ ಹೆಚ್ಚು. ಮುಂದಿನ ಕಮಾನು ಪಟ್ಟಿಗಳು ಕುಸಿಯುತ್ತವೆ, ಸ್ಟೇರಿಂಗ್ ಬಿಗಿಯಾಗುತ್ತದೆ, ಹಳೆಯ ಬ್ರೇಕು ಸಾಲದಾಗುತ್ತದೆ. ಡೀಸೆಲ್ ನಿಧಾನವಾಗಿ ತಿರುಗುವುದರಿಂದ ಪೆಟ್ರೋಲಿಗೆಂದು ಮಾಡಿದ ಹಿಂದಿನ ಕ್ರೌನ್-ಪಿನಿಯನ್ ಹೊಂದುವುದಿಲ್ಲ. ಎಂಜಿನ್ ಅರಚುತ್ತದೆ, ಗಾಡಿ ಓಡುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ.

ಈ ಪಾಠವನ್ನು ಸ್ಪೋರ್ಟ್ಸ್ ಕಾರುಗಳ ಜಗತ್ತೂ ಕಲಿಯಬೇಕಾಯಿತು. ಇಂಗ್ಲೆಂಡಿನ ಎ.ಸಿ. ಕಂಪನಿಯ ‘ಏಸ್’ 1953ರ ಹಗುರ ಕಾರು. ಮೊದಲು ಅದರಲ್ಲಿದ್ದುದು 1919ರಷ್ಟು ಹಳೆಯ ವಿನ್ಯಾಸದ ಎಂಜಿನ್. ಬಳಿಕ ಬಂದ ಬ್ರಿಸ್ಟಲ್ ಎಂಜಿನ್ನಿನ ಮೂಲವೂ ಯುದ್ಧಪೂರ್ವದ್ದು. ಬ್ರಿಸ್ಟಲ್ ಪೂರೈಕೆ ನಿಂತಾಗ ಅಮೆರಿಕದ ರೇಸ್ ಚಾಲಕ ಕ್ಯಾರೊಲ್ ಶೆಲ್ಬಿ ಅದಕ್ಕೆ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ ಹೊಸ ಎಂಜಿನ್ ಹಾಕಿಸಿದ. 1962ರಲ್ಲಿ ‘ಕೋಬ್ರಾ’ ಹುಟ್ಟಿತು. 4.3 ಲೀಟರಿನ ಎಂಜಿನ್ನಿಗೆ ಹಿಂದಿನ ಡಿಫರೆನ್ಷಿಯಲ್ ಬಲಪಡಿಸಿದರೆ ಸಾಕಾಯಿತು. 1965ರಲ್ಲಿ 7 ಲೀಟರಿನದು ಬಂದಾಗ ದಪ್ಪ ಕೊಳವೆಗಳ ಚಾಸಿಯನ್ನೇ ಹೊಸದಾಗಿ ಕಟ್ಟಬೇಕಾಯಿತು. ಅದೇ ವರ್ಷ ಕೋಬ್ರಾ ಜಿ.ಟಿ. ಕಾರುಗಳ ವಿಶ್ವ ಪ್ರಶಸ್ತಿ ಗೆದ್ದಿತು.

ಭಾರತದಲ್ಲಿ ಇಂಥ ಹುರುಪಿಗೆ ಕಾಂಟೆಸ್ಸಾ ಉದಾಹರಣೆ. 1984ರಲ್ಲಿ ಬಂದ ಈ ದೊಡ್ಡ ಕಾರಿಗೆ ಅಂಬಾಸಿಡರಿನ 1.5 ಲೀಟರ್ ಎಂಜಿನ್ನನ್ನೇ ಇಟ್ಟಿದ್ದರಿಂದ ಅದು ಏದುಸಿರು ಬಿಡುತ್ತಿತ್ತು. ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಸೇರಿದ ಮೇಲೆ ಕಾರಿಗೆ ಜೀವ ಬಂತು. 1992ರಲ್ಲಿ ಅದೇ ಎಂಜಿನ್ ಅಂಬಾಸಿಡರಿಗೂ ಬಂತು. 1950ರ ದಶಕದ ಒಡಲಿಗೆ ಐದು ಗೇರುಗಳ ಹೊಸ ಪ್ರಾಯ!

ಕಾರ್ಖಾನೆಗೆ ಇರುವ ಈ ಸ್ವಾತಂತ್ರ್ಯ ಮಾಲೀಕನಿಗೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಸಿ.ಎನ್‌.ಜಿ., ಬ್ಯಾಟರಿಯಂಥ ಬೇರೆ ಇಂಧನಕ್ಕೆ ಮಾರ್ಪಡಿಸಲು ಷರತ್ತುಬದ್ಧ ಅವಕಾಶ ಉಂಟು.

ದಾಖಲೆ ಪತ್ರದಲ್ಲಿ ಒಂದು ಎಂಜಿನ್ ನಂಬರು, ಬಾನೆಟ್ ಅಡಿಯಲ್ಲಿ ಇನ್ನೊಂದು ನಂಬರು ಇದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೇ ತಕರಾರು ಏಳಬಹುದು. ಆಗ ಅನ್ನದ ದಾರಿಯಾಗಿದ್ದ ಅದೇ ಜೀಪು ಸಾಲದ ದಾರಿಯಾಗುತ್ತದೆ. ಎಂಜಿನ್ ಬದಲಿಸಲು ಮೇಸ್ತ್ರಿಗೆ ಕೆಲವು ದಿನ ಸಾಕು. ಬ್ರೇಕು, ಚಾಸಿ, ಕಾಗದಪತ್ರ ಈ ಮೂರೂ ಅದಕ್ಕೆ ಜೊತೆಯಾದಾಗಲೇ ಆ ಜೀಪು ಹತ್ತಿದವರು ನಿಶ್ಚಿಂತೆಯಿಂದ ಊರು ಸೇರಬಹುದು.